ಕೂರುವಷ್ಟು ಆಳ

ಫ್ಯಾನು ನಿಂತಿತು. ಸ್ವಿಚ್ಚು ಒತ್ತಿದವನು ಮೃತ್ಯುಂಜಯನೇ. ಆದರೂ ಅದು ನಿಂತದ್ದು ಅವನ ಗಮನಕ್ಕೆ ಬಂದದ್ದು, ಪಕ್ಕದಲ್ಲಿದ್ದ ಹೇಮಿ ತಲೆಯ ಮೇಲಿನ ಹೆಲ್ಮೆಟ್ಟು ತೆಗೆದು ಎದೆಗೆ ಹಿಡಿದಾಗ. ಕಲ್ಲಿದ್ದಲು ಗಣಿಯೊಳಗಿನ ಕೆಟ್ಟ ಗಾಳಿಯನ್ನು ವರ್ಷಗಟ್ಟಲೆ ಹಗಲೂ ರಾತ್ರಿ ಎಳೆದು ಹೊರಗೆ ಹಾಕುತ್ತಿದ್ದ ಯಂತ್ರ ಅದು. ರೆಕ್ಕೆಗಳು ಇನ್ನೂ ಕೊಂಚ ಹೊತ್ತು ತಮ್ಮಷ್ಟಕ್ಕೆ ತಿರುಗಿ ಸುಮ್ಮನಾದವು. ಗುಡ್ಡದ ಆಚೆ ಎಲ್ಲೋ ಒಂದು ಹಸು ಕೂಗಿದ್ದು ಕೇಳಿಸಿತು.

“ಇಷ್ಟು ವರ್ಷದಲ್ಲಿ ಇಲ್ಲಿ ನಿಂತು ಹಸು ಕೂಗೋದು ಕೇಳಿದ್ದು ಇದೇ ಮೊದಲು, ಮೇಟ್,” ಎಂದ ಹೇಮಿ ಇಂಗ್ಲಿಷಿನಲ್ಲಿ. ನ್ಯೂಜಿಲೆಂಡಿನ ಈ ಊರಿನ ಮೂಲನಿವಾಸಿ, ಮಾವೋರಿ ಅವನು. ಮೀಸೆ ಮೂಡುವ ಮೊದಲೇ ಗಣಿಗೆ ಇಳಿದವನು, ಈಗ ಮೊಮ್ಮಕ್ಕಳ ತಾತ. ಗಣಿ ಮುಚ್ಚುತ್ತೇವೆಂದು ಕಂಪನಿ ಹೇಳಿದ ದಿನ ಉಳಿದವರೆಲ್ಲ ಕೂಗಾಡಿದರೆ ಇವನು ಸೀದಾ ಮನೆಗೆ ಹೋಗಿ ಅಂಗಳದ ಹುಲ್ಲು ಕತ್ತರಿಸಿದನಂತೆ. “ನಿನಗೇನೂ ಅನ್ನಿಸ್ತಿಲ್ವಾ?”

“ಅನ್ನಿಸ್ತಿದೆ,” ಎಂದ ಮೃತ್ಯುಂಜಯ.

ಸುಳ್ಳು. ಅವನಿಗೆ ಏನೂ ಅನ್ನಿಸಿರಲಿಲ್ಲ. ಹೋದ ಚಳಿಗಾಲದಿಂದ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ತುಂಬ ಹೊತ್ತು ಮಡಿಸಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಇಡೀ ಮನುಷ್ಯನೇ ಜೋಮು ಹಿಡಿದು ಕೂತಿದ್ದ. ಕೆಲಸಕ್ಕೇನೂ ಅದರಿಂದ ಅಡ್ಡಿಯಾಗಿರಲಿಲ್ಲ. ಗಣಿಯ ಗಾಳಿ ಅಳೆಯುವ ಇಂಜಿನಿಯರು ನಗುತ್ತ ಅಳೆದರೇನು, ಅಳುತ್ತ ಅಳೆದರೇನು, ಮೀಟರು ತೋರಿಸುವುದು ಅಷ್ಟೇ ತಾನೆ.

ಗಣಿಯ ಬಾಯಿಯ ಹತ್ತಿರ ಫೋನು ಒಯ್ಯುವಂತಿಲ್ಲ. ತನ್ನ ಯೂಟ್ ಪಿಕಪ್ ಗಾಡಿ ಹತ್ತಿದ ಮೇಲೆ ತೆಗೆದು ನೋಡಿದ. ಮಗಳು ಕೃತಿಯ ಮೆಸೇಜು ಬಂದಿತ್ತು, ಇಂಗ್ಲಿಷಿನಲ್ಲಿ. ‘ಅಮ್ಮನ ಸಮಾಧಿ ಎಲ್ಲಿದೆ ಅಂತ ಅಜ್ಜಿ ಮತ್ತೆ ಕೇಳ್ತಿದ್ದಾರೆ. ನಾನು ಸುಳ್ಳು ಹೇಳಲ್ಲ. ನೀನೇ ಹೇಳು.’ ಅವನು ಫೋನನ್ನು ಪಕ್ಕದ ಸೀಟಿನ ಮೇಲೆ ಬೋರಲು ಹಾಕಿ ಗಾಡಿ ಶುರು ಮಾಡಿದ.

ಸಮಾಧಿ ಇರಲಿಲ್ಲ, ತೊಡಕು ಅದೇ. ಲಿಂಗಸುಗೂರು ಕಡೆಯ ಲಿಂಗಾಯತರು ಅವರು, ಸತ್ತವರನ್ನು ಸುಡುವವರಲ್ಲ. ಪದ್ಮಾಸನ ಹಾಕಿ ಕೂರಿಸಿ, ಬದುಕಿದ್ದಾಗ ಕೊರಳಲ್ಲಿದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಪತ್ರಿ ತುಂಬಿ ಮಣ್ಣು ಕೊಡುವವರು. ಮೃತ್ಯುಂಜಯನ ಅಪ್ಪ, ಅವ್ವ, ಭಾವ ಎಲ್ಲರೂ ಹಾಗೆ ಕೂತೇ ಹೋದವರು. ಅವನ ಹೆಂಡತಿ ವೇದಾಳನ್ನು ಮಾತ್ರ ಸುಟ್ಟಿದ್ದರು.

ಮನುಕಾವ್‌ನ ಆಫೀಸಿನ ಮೆಟ್ಟಿಲಿಳಿಯುತ್ತಿದ್ದವಳು ಹೋದ ಚಳಿಗಾಲ ಒಂದು ದಿನ ಕುಸಿದು ಬಿದ್ದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಸುದ್ದಿ ತಿಳಿದು ಮೊದಲು ಓಡಿಬಂದವನು ಗುರುರಾಜ್. ಮೈಸೂರಿನವನು, ಸಾಫ್ಟ್‌ವೇರಿನವನು, ಆಕ್ಲೆಂಡಿನ ಕನ್ನಡಿಗರ ನಾಮಕರಣ, ಗೃಹಪ್ರವೇಶ, ಗಣೇಶನ ಹಬ್ಬ ಎಲ್ಲಕ್ಕೂ ಸೊಂಟ ಕಟ್ಟಿ ನಿಲ್ಲುವವನು. ಸತ್ತವರನ್ನು ಕಳಿಸಿಕೊಡುವುದಕ್ಕೂ ಅವನ ಹತ್ತಿರ ಒಂದು ವಾಟ್ಸಾಪ್ ಗುಂಪು ತಯಾರಿತ್ತು. “ನೀವ್ ಏನೂ ತಲೆ ಕೆಡಿಸ್ಕೋಬೇಡಿ ಸಾರ್, ಎಲ್ಲಾ ನಾವ್ ನೋಡ್ಕೋತೀವಿ,” ಎಂದ. ಹಾಗೆಯೇ ನೋಡಿಕೊಂಡ ಕೂಡ, ಒಳ್ಳೆಯ ಮನುಷ್ಯ. ಶವಸಂಸ್ಕಾರದ ಆಫೀಸಿನಲ್ಲಿ ಟೈ ಕಟ್ಟಿದ ಮುದುಕನೊಬ್ಬ ಮೆಲುದನಿಯಲ್ಲಿ “ಕ್ರಿಮೇಷನ್?” ಎಂದು ಕೇಳಿದಾಗ, “ಆಫ್ ಕೋರ್ಸ್, ವಿ ಆರ್ ಹಿಂದೂಸ್,” ಎಂದು ಗುರುರಾಜನೇ ಹೇಳಿದ. ಮುದುಕ ಮೃತ್ಯುಂಜಯನ ಮುಖ ನೋಡಿದ. ಆಗ ಹೇಳಬಹುದಿತ್ತು. ಒಂದೇ ಒಂದು ಮಾತು ಆಡಿದ್ದರೆ ಆ ಗುರುರಾಜನೇ ಊರೆಲ್ಲ ಓಡಾಡಿ ತೆಗ್ಗು ತೋಡಿಸುತ್ತಿದ್ದ. ಮೃತ್ಯುಂಜಯ “ಹೂಂ” ಎಂದ.

ಗೊತ್ತಿಲ್ಲದೆ ಅಂದದ್ದಲ್ಲ. ಅನ್ನುವಾಗಲೂ ಗೊತ್ತಿತ್ತು, ಮರುದಿನವೂ ಗೊತ್ತಿತ್ತು, ಶವದ ಪೆಟ್ಟಿಗೆ ಚಿತಾಗಾರದ ಪರದೆಯ ಹಿಂದಕ್ಕೆ ಸರಿಯುವಾಗಲೂ ಗೊತ್ತಿತ್ತು. ನಾಲಿಗೆ ಮಾತ್ರ ಹೊರಳಲಿಲ್ಲ. ಲಿಂಗವನ್ನು ಅಲ್ಲಿನವರು ಒಡವೆ ಎಂದುಕೊಂಡು ಕೊರಳಿನಿಂದ ಬಿಚ್ಚಿ, ತಾಳಿ ಓಲೆಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವನ ಕೈಗೆ ಕೊಟ್ಟರು. ಅದಕ್ಕೂ “ಹೂಂ” ಎಂದ. ಬೂದಿಯ ಪೆಟ್ಟಿಗೆ ಬಂದ ಮೇಲೆ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನ ಮನೆತನದಲ್ಲಿ ಯಾರೂ ಬೂದಿಯಾದವರಿಲ್ಲ. ಬಟ್ಟೆಯ ಕಪಾಟಿನ ಮೇಲಿನ ಅರೆಯಲ್ಲಿ, ಅವಳ ಸ್ವೆಟರುಗಳ ಹಿಂದೆ ಇಟ್ಟ.

ಇಷ್ಟೇ ಆಗಿದ್ದರೂ ಹೇಗೋ ಆಗುತ್ತಿತ್ತು. ಊರಿಗೆ ಫೋನು ಮಾಡಬೇಕಾಗಿ ಬಂತು. ಮೃತ್ಯುಂಜಯ ಅಕ್ಕನ ಮಗಳನ್ನೇ ಮದುವೆಯಾದವನು. ಅವ್ವ ಬೇಗ ತೀರಿಹೋದ್ದರಿಂದ ಅವನನ್ನು ಸಾಕಿ ಸಾಲಿಗೆ ಕಳಿಸಿದವಳು ಈ ಅಕ್ಕ ಬಸಲಿಂಗಮ್ಮನೇ. ಭಾವ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ, ಅವರ ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಓದಿಕೊಂಡೇ ಅವನು ಗಣಿ ಇಂಜಿನಿಯರಾದದ್ದು. ಮಗಳು ಸತ್ತ ಸುದ್ದಿ ಕೇಳಿ ಕಿರುಚಿದ ಅಕ್ಕ, ಮೂರನೆಯ ದಿನ ತಾನಾಗಿ ಫೋನು ಮಾಡಿದಳು.

“ಮಣ್ಣು ಕೊಟ್ರ್ಯಾ ತಮ್ಮಾ?”

“ಹೂಂ.”

“ಕುಂದ್ರಿಸಿ ಕೊಟ್ರ್ಯಾ?”

“ಹೂಂ ಅಕ್ಕಾ.”

“ಕೈಯಾಗ ಲಿಂಗ ಇಟ್ರ್ಯಾ?”

“ಹೂಂ.”

ಆ ಕಡೆ ಅಕ್ಕ ಅತ್ತಳು. ಮೊದಲ ದಿನದ ಅಳು ಅಲ್ಲ, ಸಮಾಧಾನವಿದ್ದ ಅಳು. ಕೇಳುತ್ತಿದ್ದ ಮೃತ್ಯುಂಜಯನಿಗೆ ಒಂದು ಗಳಿಗೆ ಹಾಯೆನಿಸಿದ್ದೂ ನಿಜ. ಅದಾದ ಮೇಲೆ ಅಕ್ಕ ಪಾಸ್‌ಪೋರ್ಟು ಮಾಡಿಸಲು ಶುರು ಮಾಡಿದಳು. ಮಗಳ ಸಮಾಧಿಗೆ ತನ್ನ ಕೈಯಾರೆ ನೀರು ಹಾಕಿ ವಿಭೂತಿ ಹಚ್ಚದಿದ್ದರೆ ತನಗೆ ಅನ್ನ ಇಳಿಯುವುದಿಲ್ಲ ಎಂದಳು. ಬ್ಯಾಡ ಅನ್ನಲು ಅವನಿಗೆ ಯಾವ ನೆವವೂ ಸಿಗಲಿಲ್ಲ.

ಹಾಗೆ ಬಂದವಳಿಗೆ ವಿಮಾನ ನಿಲ್ದಾಣದಲ್ಲೇ ನ್ಯೂಜಿಲೆಂಡ್ ಸರ್ಕಾರದ ಪರಿಚಯವಾಯಿತು. ಹೊರಗಿನ ಎಲೆ ಬೀಜ ಒಳಗೆ ಬಿಡದ ಅಧಿಕಾರಿಗಳು ಅವಳು ಸೆರಗಿನೊಳಗೆ ಕಟ್ಟಿಕೊಂಡು ಬಂದಿದ್ದ ಬಿಲ್ವಪತ್ರೆಯನ್ನು ಡಬ್ಬಿಗೆ ಹಾಕಿದರು. ವಿಭೂತಿ ಉಂಡೆಯನ್ನು ಬಿಳಿ ಕೈಗವಸಿನಲ್ಲಿ ಹಿಡಿದು ಇದು ಏನು ಎಂದು ಕೇಳಿದರು. ದುಭಾಷಿಯಾಗಿ ಬಂದ ಗುಜರಾತಿ ಹುಡುಗಿ ಸುಟ್ಟ ಸಗಣಿ ಎನ್ನಲು ನಾಚಿ, ಮುಖದ ಪೌಡರು ಎಂದಳು. ವಿಭೂತಿ ಉಳಿಯಿತು. ಮನೆ ಮುಟ್ಟಿ ಈ ಕಥೆ ಹೇಳುತ್ತ ಅಕ್ಕ ಸ್ವತಃ ನಕ್ಕಳು, ನಕ್ಕದ್ದಕ್ಕೆ ನಾಚಿ ಅತ್ತಳು, ಅತ್ತು ಮುಗಿಸಿ “ಯಾವಾಗ ಹೋಗೂಣು?” ಎಂದಳು.

ಅಂದಿನಿಂದ ಅವನು ದಿನ ತಳ್ಳುತ್ತಲೇ ಇದ್ದ. ಫ್ಯಾನು ನಿಲ್ಲಿಸಿ ಬಂದ ದಿನವೂ ಅದೇ ಮಾತು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೊಗೆಗೆ ಕೂಗಿಕೊಳ್ಳುವ ಛಾವಣಿಯ ಅಲಾರಂ ಮುಂದೆ ಕೃತಿ ಕುರ್ಚಿ ಹತ್ತಿ ನಿಂತು ಟವೆಲ್ಲು ಬೀಸುತ್ತಿದ್ದಳು. ಇದು ಆ ಮನೆಯಲ್ಲಿ ಈಗ ದಿನದ ಪೂಜೆಯಂತಾಗಿತ್ತು.

“ನಾಳೆರ ಕರಕೊಂಡು ಹೋಗು,” ಎಂದಳು ಅಕ್ಕ, ತಿರುಗಿ ನೋಡದೆ.

“ಡ್ಯೂಟಿ ಐತಿ ಅಕ್ಕಾ. ಗಣಿ ಬಂದ್ ಮಾಡಾಕತ್ತೀವಿ. ಈಗ ಬಿಟ್ಟು ಬರಾಕ ಆಗಂಗಿಲ್ಲ.”

“ಐತಾರ ಅಂದ್ರ ಮಳಿ ಅಂತಿ, ಸ್ವಾಮಾರ ಅಂದ್ರ ಡ್ಯೂಟಿ ಅಂತಿ. ನನ್ನ ಮಗಳ ಹಂತ್ಯಾಕ ಹೋಗಾಕ ನಿಮ್ಮ ಸಾಹೇಬನ ಅಪ್ಪಣಿ ಬೇಕೇನು?”

“ಜಸ್ಟ್ ಟೆಲ್ ಹರ್, ಅಪ್ಪ,” ಎಂದಳು ಕೃತಿ ಕುರ್ಚಿಯ ಮೇಲಿನಿಂದ.

“ಏನಂತೈತಿ ಕೂಸು?”

“ಏನಿಲ್ಲ ಅಕ್ಕಾ,” ಎಂದು ಮೃತ್ಯುಂಜಯ ಕೈ ತೊಳೆಯಲು ಹೋದ. ಕೃತಿ ಟವೆಲ್ಲನ್ನು ಅವನ ಬೆನ್ನಿಗೆ ಎಸೆದಳು. ಹದಿಮೂರರ ಹುಡುಗಿ, ಅಮ್ಮ ಸತ್ತ ಮೇಲೆ ಅಪ್ಪನ ಜೊತೆ ಜಗಳವಾಡಲು ಎಷ್ಟೋ ಸಲ ನೋಡಿದ್ದಳು. ಜಗಳಕ್ಕಾದರೂ ಎದುರಿಗೆ ಒಬ್ಬರು ಬೇಕಲ್ಲ.

ಡ್ಯೂಟಿ ಇದ್ದದ್ದು ಸುಳ್ಳಲ್ಲ. ಒಳದಾರಿಗಳಿಗೆಲ್ಲ ದಪ್ಪನೆಯ ಕಾಂಕ್ರೀಟಿನ ಗೋಡೆ ಎಬ್ಬಿಸಿ ಆಗಿತ್ತು. ಫ್ಯಾನು ನಿಂತ ಗಣಿಯಲ್ಲಿ ಕಲ್ಲಿದ್ದಲಿನ ಗ್ಯಾಸು ತಾನಾಗಿ ಏರುತ್ತ ಹೋಗುತ್ತದೆ. ನಡುವಿನ ಒಂದು ಹಂತದಲ್ಲಿ ಕಿಡಿ ಬಿದ್ದರೆ ಗುಡ್ಡವೇ ಹಾರಿಹೋದೀತು. ಅದನ್ನು ದಾಟಿ ಇನ್ನೂ ಏರಿದರೆ ಮತ್ತೆ ಭಯವಿಲ್ಲ, ಉರಿಯಲು ಒಳಗೆ ಗಾಳಿಯೇ ಇರುವುದಿಲ್ಲ. ಅಲ್ಲಿಯವರೆಗೆ ಗುಡ್ಡದ ಮೇಲೆ ಯಾರೂ ಕಾಲಿಡುವಂತಿಲ್ಲ. ದೂರದ ತಗಡಿನ ಶೆಡ್ಡಿನಲ್ಲಿ ಕೂತು, ನೆಲದಡಿಯಿಂದ ಬಂದ ನಳಿಕೆಗಳ ಗಾಳಿ ಅಳೆಯುತ್ತ ಮೃತ್ಯುಂಜಯ ಆ ವಾರ ಕಳೆದ. ಹೇಮಿ ಚಹಾ ತಂದುಕೊಡುತ್ತಿದ್ದ. ಕುಡಿದನೋ ಬಿಟ್ಟನೋ ಅವನಿಗೆ ನೆನಪಿರುತ್ತಿರಲಿಲ್ಲ.

ಗ್ಯಾಸು ಆ ಹಂತ ದಾಟಿತು. ಗಣಿಯ ಬಾಯಿಗೆ ಲಾರಿಗಟ್ಟಲೆ ಕಲ್ಲು ತುಂಬಿಸಿದರು. ಕೊನೆಗೆ ನೀರು, ಗಾಳಿ ಒಳನುಸುಳದಂತೆ ಜೇಡಿಮಣ್ಣಿನ ಹೊದಿಕೆ, ಅದರ ಮೇಲೆ ಮೇಲ್ಮಣ್ಣು, ಹುಲ್ಲು, ಅಲ್ಲಿನ ಕಾಡಿನ ಮನುಕಾ ಗಿಡಗಳು. ಮುಂದೆ ಅಲ್ಲಿ ಗಣಿಯಿತ್ತೆಂದು ಹೇಳಿದರೂ ಯಾರೂ ನಂಬಬಾರದು, ಹಾಗೆ. ಜೇಡಿಮಣ್ಣು ಹಾಕುವ ಶನಿವಾರ ಕೆಲಸ ಮಾಡಿದವರೆಲ್ಲ ಮನೆಯವರನ್ನು ಕರೆತರಬಹುದು ಎಂದಿತ್ತು ಕಂಪನಿ. ಇದನ್ನು ಅವನು ಮನೆಯಲ್ಲಿ ಹೇಳಿದ್ದು, ಶನಿವಾರವೂ ಸಮಾಧಿಗೆ ಹೋಗಲಾಗುವುದಿಲ್ಲ ಎನ್ನುವುದಕ್ಕೆ.

“ಹಂಗಾರ ನಾನೂ ಬರ್ತೀನಿ,” ಎಂದಳು ಅಕ್ಕ. “ಹಟ್ಟ್ಯಾಗ ನಿಮ್ಮ ಭಾವ ಇಳಿಯೂ ಗಣಿಬಾವಿ ಮುಚ್ಚಿದಾಗ ಒಬ್ಬರೂ ನಮ್ಮನ್ನ ಕರೀಲಿಲ್ಲ. ಬರೂಮುಂದ ಹಂಗ ವೇದಾನ ನೋಡಕೊಂಡು ಬರೂಣು.”

ಶನಿವಾರ ಮೋಡವಿತ್ತು, ಮಳೆಯಿರಲಿಲ್ಲ. ಗೇಟಿನಲ್ಲಿ ಕಾವಲಿನವನು ಲೈಟರು, ಬೆಂಕಿಪೊಟ್ಟಣ ಯಾರ ಬಳಿಯಿದ್ದರೂ ಕೊಟ್ಟು ಹೋಗಬೇಕೆಂದ. ಅಕ್ಕ ಚೀಲದಿಂದ ಊದಿನಕಡ್ಡಿ, ಕರ್ಪೂರ, ಬೆಂಕಿಪೊಟ್ಟಣ ಒಂದೊಂದಾಗಿ ತೆಗೆದುಕೊಟ್ಟಳು. ಮಗಳ ಹತ್ತಿರ ಹೋಗಲು ಸಿದ್ಧಳಾಗಿಯೇ ಬಂದಿದ್ದಳು. ಇಳಕಲ್ ಸೀರೆಯ ಮೇಲೆ ಅವಳಿಗೆ ಕಿತ್ತಳೆ ಜಾಕೆಟ್ಟು ತೊಡಿಸಿ ತಲೆಗೆ ಹೆಲ್ಮೆಟ್ಟು ಇಟ್ಟರು. ಗಣಿಯ ಬಾಯಿ ಮುಚ್ಚಿಯಾದ್ದರಿಂದ ಫೋನಿಗೆ ಈಗ ಅಡ್ಡಿಯಿರಲಿಲ್ಲ, ಕೃತಿ ಫೋಟೊ ತೆಗೆದಳು.

ಜನ ಕಡಿಮೆಯೇನಿರಲಿಲ್ಲ. ಊರುಗೋಲು ಹಿಡಿದ ಹಳೆಯ ಗಣಿಗಾರರು, ತಳ್ಳುಗಾಡಿಯಲ್ಲಿ ಮಕ್ಕಳು, ಹೂವು ಹಿಡಿದ ಹೆಂಗಸರು. ಹೇಮಿಯ ಕಡೆಯ ಹಿರಿಯರೊಬ್ಬರು ಮುಚ್ಚಿದ ಬಾಯಿಗೆ ಎದುರಾಗಿ ನಿಂತು ಮಾವೋರಿಯಲ್ಲಿ ಪ್ರಾರ್ಥನೆ ಹೇಳಿದರು. ಅಕ್ಕನಿಗೆ ಒಂದಕ್ಷರ ತಿಳಿಯದಿದ್ದರೂ ಹೆಲ್ಮೆಟ್ಟಿನ ಮೇಲಿಂದಲೇ ಸೆರಗು ಎಳೆದುಕೊಂಡು ಕೈಮುಗಿದಳು. ಆಮೇಲೆ ಒಬ್ಬೊಬ್ಬರಾಗಿ ಹೋಗಿ ಜೇಡಿಮಣ್ಣಿನ ಗುಡ್ಡೆಯಿಂದ ಹಿಡಿ ಮಣ್ಣು ತೆಗೆದು ಕಲ್ಲುಗಳ ಮೇಲೆ ಹಾಕಿ ಬಂದರು. ಒಬ್ಬ ತನ್ನ ಬೂಟುಗಳನ್ನೇ ಬಿಚ್ಚಿ ಎಸೆದು ಕಾಲುಚೀಲದಲ್ಲಿ ನಡೆದುಬಂದ. ಬುಲ್ಡೋಜರು ಮುಂದಿನ ಕೆಲಸಕ್ಕೆ ಪಕ್ಕದಲ್ಲಿ ಕಾಯುತ್ತಿತ್ತು.

ಅಕ್ಕನೂ ಹಿಡಿ ಮಣ್ಣು ಹಾಕಿದಳು. ಹಾಕಿ ಬಂದವಳು ಹೇಮಿಯ ಮುಂದೆ ನಿಂತು ತಮ್ಮನಿಗೆ ಹೇಳಿದಳು: “ಒಳಗ ಯಾರರ ಉಳದಾರೇನು, ಕೇಳು ಇವ್ರಿಗೆ.”

ಮೃತ್ಯುಂಜಯ ಇಂಗ್ಲಿಷಿನಲ್ಲಿ ಕೇಳಿದ.

“ಇಲ್ಲ,” ಎಂದ ಹೇಮಿ. “ನಮ್ಮಜ್ಜನ ಕಾಲದಲ್ಲಿ ಇಬ್ಬರ ಮೇಲೆ ಛಾವಣಿ ಕುಸಿದಿತ್ತು. ಅವರನ್ನ ಹೊರಗೆ ತರೋವರೆಗೆ ಯಾರೂ ಮನೆಗೆ ಹೋಗಲಿಲ್ಲ. ಕೆಳಗೆ ನಮ್ಮ ಸ್ಮಶಾನದಲ್ಲಿ ಮಲಗಿದ್ದಾರೆ.”

ಮೃತ್ಯುಂಜಯ ಅದನ್ನು ಕನ್ನಡದಲ್ಲಿ ಹೇಳಿದ. ಅಕ್ಕನ ಕಣ್ಣು ತುಂಬಿಬಂತು. “ಪುಣ್ಯಾತ್ಮರು, ಮಣ್ಣು ಸಿಕ್ತು,” ಎಂದು ಹೇಮಿಯ ಕೈ ಹಿಡಿದುಕೊಂಡಳು. “ನನ್ನ ಮಗಳ ಮಣ್ಣಿಗೂ ಬಂದಿದ್ದೇನಪಾ ನೀನು? ಕೇಳಲಾ ತಮ್ಮಾ, ವೇದಾನ ಮಣ್ಣಿಗೆ ಬಂದಿದ್ರೇನು ಅಂತ ಕೇಳು.”

ಹೇಮಿ ಬಂದಿದ್ದ. ಸೂಟು ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕೂತು, ಪರದೆ ಸರಿಯುವುದನ್ನು ನೋಡಿದ್ದ. ಈಗ ಮುದುಕಿಯ ಕೈಯಲ್ಲಿ ತನ್ನ ಕೈ ಬಿಟ್ಟು, ಏನು ಕೇಳುತ್ತಿದ್ದಾರೆ ಎಂಬಂತೆ ಮೃತ್ಯುಂಜಯನನ್ನು ನೋಡುತ್ತಿದ್ದ. ಈ ಕಡೆಗೊಂದು, ಆ ಕಡೆಗೊಂದು ಹೇಳಿ ತಪ್ಪಿಸಿಕೊಳ್ಳುವುದು ಏನೂ ಕಷ್ಟವಿರಲಿಲ್ಲ. ಅವನನ್ನು ಬಿಟ್ಟರೆ ಎರಡೂ ಭಾಷೆ ಬಲ್ಲವಳು ಕೃತಿ ಒಬ್ಬಳೇ. ಅವಳು ಫೋನು ಕೆಳಗಿಳಿಸಿ ಅಪ್ಪನ ಬಾಯನ್ನೇ ನೋಡುತ್ತಿದ್ದಳು.

“ಅಕ್ಕಾ, ಮಣ್ಣ ಕೊಟ್ಟಿಲ್ಲ. ಸುಟ್ವಿ,” ಎಂದ ಮೃತ್ಯುಂಜಯ.

ಅದೇ ಹೊತ್ತಿಗೆ ಬುಲ್ಡೋಜರು ಶುರುವಾಯಿತು. “ಆಂ?” ಎಂದು ಅಕ್ಕ ಹೆಲ್ಮೆಟ್ಟು ಸರಿಸಿ ಕಿವಿ ಮುಂದೆ ತಂದಳು. ಒಂದು ಸಲ ಹೇಳುವುದಕ್ಕೇ ತಿಂಗಳುಗಟ್ಟಲೆ ಹಿಡಿದವನು ಎರಡನೆಯ ಸಲ ಕೂಗಿಯೇ ಹೇಳಬೇಕಾಯಿತು. “ವೇದಾನ ಸುಟ್ವಿ ಅಕ್ಕಾ! ಸುಟ್ವಿ! ಮಣ್ಣು ಕೊಟ್ಟಿಲ್ಲ!” ಸುತ್ತಲಿನವರು ತಿರುಗಿ ನೋಡಿದರು. ಬುಲ್ಡೋಜರಿನವನು ಏನೋ ಅವಘಡವಾಯಿತೆಂದು ಇಂಜಿನ್ನು ಆರಿಸಿದ.

ಅಕ್ಕ ಹೇಮಿಯ ಕೈ ಬಿಟ್ಟಳು.

“ಲಿಂಗ?”

“ಮನ್ಯಾಗ ಐತಿ.”

“ಬೂದಿ?”

“ಅದೂ ಮನ್ಯಾಗನ ಐತಿ.”

“ಕುಂದ್ರಿಸೀವಿ ಅಂದಿ. ಕೈಯಾಗ ಲಿಂಗ ಇಟ್ಟೀವಿ ಅಂದಿ. ದಿನಾ ಕಣ್ಣು ಮುಚ್ಚಿದ್ರ ನನ್ನ ಕೂಸು ಕುಂತಂಗ ಕಾಣತಿತ್ತಲ್ಲೋ ನನಗ.” ಅವಳ ದನಿ ಒಡೆಯಿತು. “ನಿನ್ನ ಬಾಯಿಗೇನು ಆಗಿತ್ತೋ? ನಮ್ಮಲ್ಲಿ ಸುಡಂಗಿಲ್ಲ ಅಂತ ಒಂದ ಮಾತು ಅನ್ನಾಕ ಏನಾಗಿತ್ತೋ ನಿನಗ?”

“ಗೊತ್ತಿಲ್ಲ ಅಕ್ಕಾ.”

“ಅತ್ತೇನು?”

“ಇಲ್ಲ.”

“ಇಲ್ಲೀತನಾನೂ?”

“ಇಲ್ಲ.”

ಅಕ್ಕ ಅವನನ್ನು ಹೊಡೆದಳು. ಎರಡೂ ಕೈಯಿಂದ ಎದೆಗೆ, ತೋಳಿಗೆ, ಸಣ್ಣವನಿದ್ದಾಗ ಸಾಲಿ ತಪ್ಪಿಸಿದ್ದಕ್ಕೆ ಹೊಡೆಯುತ್ತಿದ್ದ ಹಾಗೆಯೇ ಹೊಡೆದಳು. ಅವನ ಜಾಕೆಟ್ಟಿನ ಮೇಲೆ ಜೇಡಿಮಣ್ಣಿನ ಬೆರಳುಗಳು ಮೂಡಿದವು. ಪೆಟ್ಟು ಬೀಳುತ್ತಿರುವುದು ಅವನಿಗೆ ಗೊತ್ತಾಗುತ್ತಿತ್ತು, ನೋವಾಗುತ್ತಿರಲಿಲ್ಲ. ನೋವಾಗಲಿ ಎಂದು ಅವನು ಕಾದೂ ನೋಡಿದ. ಊರಿನ ಜನ ಮರ್ಯಾದೆಗೆ ಮುಖ ತಿರುಗಿಸಿಕೊಂಡರು. ಹೇಮಿ ಮಾತ್ರ ಅಲ್ಲೇ ನಿಂತಿದ್ದ.

ಕೈ ಸೋತ ಮೇಲೆ ಅಕ್ಕ ಮಣ್ಣಿನ ಗುಡ್ಡೆಯ ಪಕ್ಕದಲ್ಲೇ ಕುಕ್ಕರಿಸಿದಳು. ಕೃತಿ ಹೋಗಿ ಅವಳನ್ನು ಒತ್ತಿಕೊಂಡು ಕೂತಳು. ಕೂತಲ್ಲೇ ಅಕ್ಕನ ಕೈಗೆ ಒಂದು ಹೆಂಟೆ ಸಿಕ್ಕಿತು. ಯೋಚನೆಯಲ್ಲಿದ್ದಂತೆ ಅದನ್ನು ಹಿಸುಕಿದಳು, ಹೊಸೆದಳು, ಬೆರಳ ನಡುವೆ ಬತ್ತಿಯಂತೆ ಎಳೆದು ನೋಡಿದಳು. ಎಳೆದರೂ ಅದು ಹರಿಯಲಿಲ್ಲ.

“ಈ ಮಣ್ಣು ಒಂದೀಟು ಬೇಕು ಅಂತ ಹೇಳು,” ಎಂದಳು, ತಮ್ಮನ ಕಡೆ ನೋಡದೆ.

ಮೃತ್ಯುಂಜಯ ಹೇಮಿಗೆ ಹೇಳಿದ. ಏಕೆ ಎಂದು ಹೇಮಿ ಕೇಳಿದ. “ನನ್ನ ಹೆಂಡತಿಗೆ,” ಎಂದ ಮೃತ್ಯುಂಜಯ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ. ಹೇಮಿ ಪ್ರಾರ್ಥನೆ ಹೇಳಿದ ಹಿರಿಯರ ಬಳಿ ಹೋಗಿ ಒಂದು ಮಾತು ಕೇಳಿಕೊಂಡು ಬಂದ. ಆಮೇಲೆ ಬಕೆಟ್ಟು ತೊಳೆದು, ತಾನೇ ಮಂಡಿಯೂರಿ, ಕಲ್ಲು ಆರಿಸಿ ಬಿಸಾಡಿ, ಬರಿ ಜೇಡಿಯನ್ನು ತುಂಬಿಕೊಟ್ಟ.

ದಾರಿಯುದ್ದಕ್ಕೂ ಅಕ್ಕ ಬಕೆಟ್ಟನ್ನು ಕಾಲುಗಳ ನಡುವೆ ಹಿಡಿದು ಕೂತಿದ್ದಳು. ಮನೆಯಲ್ಲಿ ಊಟಕ್ಕೂ ಏಳಲಿಲ್ಲ. ಕಪಾಟಿನಿಂದ ಪೆಟ್ಟಿಗೆಯನ್ನು ಕೃತಿಯೇ ಇಳಿಸಿ ಕೊಟ್ಟಳು. ಅಜ್ಜಿ ಮೊಮ್ಮಗಳು ಅದನ್ನು ಹಾಸಿಗೆಯ ಮೇಲೆ ತಮ್ಮ ನಡುವೆ ಇಟ್ಟುಕೊಂಡು ಮಲಗಿದರು.

ಭಾನುವಾರ ಬೆಳಿಗ್ಗೆ ಚೆನ್ನಾಗಿ ಬಿಸಿಲು ಬಿತ್ತು. ಅಕ್ಕ ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ಹಿತ್ತಲಿನಲ್ಲಿ ಚಾಪೆ ಹಾಸಿ ರೊಟ್ಟಿಹಿಟ್ಟು ನಾದುವ ಪರಾತವನ್ನು ಮುಂದಿಟ್ಟುಕೊಂಡು ಕೂತಳು. “ಇನ್ಮ್ಯಾಲೆ ಇದರಾಗ ಹಿಟ್ಟು ನಾದಬ್ಯಾಡ್ರಿ,” ಎಂದಳು. ಜೇಡಿಮಣ್ಣನ್ನು ಪರಾತಕ್ಕೆ ಸುರಿದು ಪೆಟ್ಟಿಗೆಯೊಳಗಿನ ಚೀಲ ಬಿಚ್ಚಿದಳು. ವಿಭೂತಿಯ ಹಾಗೆ ನುಣ್ಣಗಿರಬಹುದೆಂದು ಅಂದುಕೊಂಡಿದ್ದಳೋ ಏನೋ. ಅದು ಬೂದು ಬಣ್ಣದ ಒರಟು ಪುಡಿ, ನಡುನಡುವೆ ಎಲುಬಿನ ಬಿಳಿಯ ಸಣ್ಣ ಚೂರುಗಳು. ನೋಡಿದ್ದೇ, “ಏ ನನ್ನವ್ವಾ, ನನ್ನ ಬಂಗಾರಾ, ಹಿಂಗ್ಯಾಕ ಆದೆ ನನ್ನ ಗುಬ್ಬೀ,” ಎಂದು ಹಟ್ಟಿಯಲ್ಲಿ ಅಳುವ ಹಾಗೆಯೇ ಎತ್ತರದ ದನಿಯಲ್ಲಿ ಹಾಡಿಕೊಂಡು ಅತ್ತಳು. ಬೇಲಿಯಾಚೆ ಸಮೋವಾದವರ ಮನೆಯಲ್ಲಿ ಜೋರಾಗಿದ್ದ ಹಾಡು ಟಪ್ಪನೆ ನಿಂತಿತು.

ಅತ್ತು ಮುಗಿದ ಮೇಲೆ ಬೂದಿಯನ್ನು ಮಣ್ಣಿಗೆ ಬೆರೆಸಿ, ನೀರು ಚಿಮುಕಿಸಿ ನಾದತೊಡಗಿದಳು. ಅವರ ಕಡೆ ಆಷಾಢದ ಮಂಗಳವಾರಗಳಲ್ಲಿ ಮಣ್ಣಿನಿಂದ ಗುಳ್ಳವ್ವ ದೇವಿಯನ್ನು ಮಾಡಿ ಕೂರಿಸುತ್ತಾರೆ. ಓಣಿಯ ಹುಡುಗಿಯರಿಗೆಲ್ಲ ಮಾಡಿಕೊಡುತ್ತಿದ್ದವಳು ಅವಳೇ, ವೇದಾಳಿಗೆ ಕಲಿಸಿದವಳೂ ಅವಳೇ. ಕೈ ಮರೆತಿರಲಿಲ್ಲ. ಮೊದಲು ಮಡಿಸಿದ ಕಾಲು ಬಂತು, ಆಮೇಲೆ ನೆಟ್ಟಗಿನ ಬೆನ್ನು, ಹೆಗಲು, ತಲೆ. ಮೊಣಕೈಯುದ್ದದ ಹೆಂಗಸೊಬ್ಬಳು ಪರಾತದಲ್ಲಿ ಪದ್ಮಾಸನ ಹಾಕಿ ಕೂತಳು. ಜಡೆ ಕೃತಿ ಮಾಡಿದಳು. “ಶಿ ಹ್ಯಾಡ್ ಶಾರ್ಟ್ ಹೇರ್, ಅಜ್ಜಿ,” ಎಂದು ಮೊದಲು ತಕರಾರು ತೆಗೆದಳು. ಸಣ್ಣಾಕಿದ್ದಾಗ ಮಾರುದ್ದ ಇತ್ತು ಎಂದು ಅಜ್ಜಿ ಹೇಳಿದ ಮೇಲೆ ಉದ್ದಕ್ಕೆ ಹೆಣೆದಳು.

ಮೃತ್ಯುಂಜಯ ಬಾಗಿಲಲ್ಲಿ ನಿಂತಿದ್ದ. ಅಕ್ಕ ಅವನೊಡನೆ ಅಂದಿನ ಮೊದಲ ಮಾತು ಆಡಿದಳು.

“ಎಲ್ಲಿ ಇಡೂದು?”

“ಗುರುರಾಜಗ ಫೋನ್ ಮಾಡ್ತೀನಿ. ಬೂದಿಗೆ ಸ್ಮಶಾನದಾಗ ಜಾಗಾ ಕೊಡ್ತಾರಂತ, ಅವ್ನ...”

“ಗುರುರಾಜ ಬ್ಯಾಡ. ನೀನ ಹೋಗಬೇಕು. ನಿನ್ನ ಬಾಯಿಲೆ ಕೇಳಬೇಕು.”

“ಹೂಂ.”

“ಹೂಂ ಅನ್ನಬ್ಯಾಡ. ಏನಂತ ಕೇಳ್ತಿ? ಅಂದು ತೋರ್ಸು.”

“ಸಣ್ಣದು ಆದ್ರೂ ತೆಗ್ಗು ಬೇಕು ಅಂತೀನಿ. ಪೆಟಗಿ ಬ್ಯಾಡ, ಗ್ವಾಡ್ಯಾಗಿನ ಗೂಡು ಬ್ಯಾಡ. ನಾವು...” ಇಲ್ಲಿ ಮಾತು ತಡೆಯಿತು. ಅಕ್ಕ ಕಾದಳು, ಕೃತಿಯೂ ಕಾದಳು. “ನಾವು ಕುಂದ್ರಿಸಿ ಮಣ್ಣು ಕೊಡವ್ರು. ಆಕಿ ಕುಂದ್ರುವಷ್ಟು ಆಳ ಬೇಕು ಅಂತೀನಿ.”

“ಹಾಂ,” ಎಂದಳು ಅಕ್ಕ. ಪರಾತದಲ್ಲಿ ಉಳಿದಿದ್ದ ಮಣ್ಣನ್ನು ಉಂಡೆ ಮಾಡಿ ಅವನ ಕಡೆ ಚಾಚಿದಳು. “ಬಾ ಇಲ್ಲಿ. ಎಡಗೈ ನೀ ಮಾಡು. ಕಟ್ಟಿಕೊಂಡಾಂವ ನೀನು.”

ಅವನು ಚಾಪೆಯ ಮೇಲೆ ಕೂತ. ಮಣ್ಣು ತಣ್ಣಗಿತ್ತು. ಉಂಡೆಯನ್ನು ಉದ್ದಕ್ಕೆ ಹೊಸೆದು ತೋಳು ಮಾಡಿದ, ತುದಿಯನ್ನು ಚಪ್ಪಟೆ ಮಾಡಿ ಅಂಗೈ ಮಾಡಿದ, ಕಡ್ಡಿಯಿಂದ ಗೀರಿ ಬೆರಳು ಬಿಡಿಸಿದ. “ದಟ್ಸ್ ನಾಟ್ ಅಮ್ಮ,” ಎಂದಳು ಕೃತಿ. “ಅಮ್ಮನ ಫಿಂಗರ್ಸ್ ಅಷ್ಟು ಫ್ಯಾಟ್ ಇರ್ಲಿಲ್ಲ.” ಹೌದು, ಇರಲಿಲ್ಲ. ಉಂಗುರ ಸಡಿಲವಾಗಿ ಸಿಂಕಿಗೆ ಬಿದ್ದು ಹೋಗುವಷ್ಟು ತೆಳುವಾಗಿದ್ದವು. ಒಂದೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತುತ್ತ ಸಣ್ಣ ಮಾಡಿದ. ನಾಲ್ಕನೆಯದನ್ನು ಒತ್ತುವಾಗ ಒಳಗಿದ್ದ ಬಿಳಿಯ ಚೂರೊಂದು ಹೆಬ್ಬೆರಳಿಗೆ ಚುಚ್ಚಿತು. ಚುರುಕ್ಕೆಂದು ನೋವಾಯಿತು. ಮೃತ್ಯುಂಜಯ ಕೈ ಹಿಂದಕ್ಕೆ ತೆಗೆಯಲಿಲ್ಲ. ಇನ್ನಷ್ಟು ಒತ್ತಿದ. ಇನ್ನೂ ನೋವಾಯಿತು. ಅವನ ಬಾಯಿಂದ ಹೊರಟ ಸದ್ದು ಎಂಥದ್ದೆಂದು ಅವನಿಗೇ ತಿಳಿಯಲಿಲ್ಲ. ಕೃತಿ ಹೆದರಿ ಅವನ ಭುಜ ಹಿಡಿದಳು.

ಅಕ್ಕ ಅವನ ಕೈಯಿಂದ ಆ ತೋಳನ್ನು ತೆಗೆದುಕೊಂಡು, ಹೆಗಲಿಗೆ ನೀರು ಹಚ್ಚಿ ಕೂಡಿಸಿದಳು. ಪ್ಲಾಸ್ಟಿಕ್ ಚೀಲ ಹರಿದು ಲಿಂಗವನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಆ ಹಸಿ ಅಂಗೈಯಲ್ಲಿಟ್ಟಳು. ಭಾರಕ್ಕೆ ಅಂಗೈ ಜಗ್ಗಿತು.

“ಒಣಗೂತನ ಹಿಡಕೊಂಡು ಕುಂದ್ರು,” ಎಂದಳು. “ಬಿಟ್ರ ಬೀಳತೈತಿ.”

ಅಜ್ಜಿ ಮೊಮ್ಮಗಳು ಕೈ ತೊಳೆಯಲು ಒಳಗೆ ಹೋದರು. ಮೃತ್ಯುಂಜಯ ತನ್ನ ಬೆರಳನ್ನು ಆ ಸಣ್ಣ ಕೈಯ ಕೆಳಗೆ ಆನಿಸಿ ಕೂತ. ಕಣ್ಣಿಂದ ಇಳಿದದ್ದು ಮೂಗಿನ ತುದಿಗೆ ಬಂದು ನಿಂತಿತ್ತು. ಒರೆಸಿಕೊಂಡರೆ ಕೈ ಅಲ್ಲಾಡೀತೆಂದು ಹಾಗೇ ಬಿಟ್ಟ.